ಬರದ ಬಸ್ಸಿನ ಲೆಕ್ಕ

ನಮ್ಮ ಕಡೆ ಯಾವ ಬಸ್ ನಿಲ್ದಾಣಕ್ಕೆ ಹೋದರೂ ಒಂದು ಕಿಟಕಿ ಇರುತ್ತದೆ. ಸೇಡಂ ಇರಲಿ, ಚಿತ್ತಾಪುರ ಇರಲಿ, ಚಿಂಚೋಳಿ ಇರಲಿ, ಕಿಟಕಿಯ ಆಚೆ ಒಬ್ಬ ಕಂಟ್ರೋಲರ್, ಅವರ ಮುಂದೆ ಅಂಚು ಮಾಸಿದ ಉದ್ದನೆಯ ರಿಜಿಸ್ಟರು. ಬಸ್ಸು ಬಂದು ನಿಂತ ಕೂಡಲೇ ಕಂಡಕ್ಟರ್ ಟಿಕೆಟ್ ಯಂತ್ರ ಹೆಗಲಿಗೆ ಹಾಕಿಕೊಂಡು ಇಳಿದು ಅಲ್ಲಿಗೆ ಬರುತ್ತಾರೆ. ಬಂದ ಹೊತ್ತು, ಹೊರಡುವ ಹೊತ್ತು ಬರೆಯಿಸಿ ಮತ್ತೆ ಬಸ್ಸಿನತ್ತ ಓಡುತ್ತಾರೆ. ಸಂಜೆ ಐದಾದ ಮೇಲೆ ಆ ಕಿಟಕಿಗೆ ಇನ್ನೊಂದು ಗುಂಪು ಬರುತ್ತದೆ. ಕಾಲೇಜು ಮುಗಿಸಿದ ಹುಡುಗಿಯರು, ಸಂತೆ ಮುಗಿಸಿದ ಹೆಂಗಸರು, ದವಾಖಾನೆಗೆ ಬಂದು ಹೋಗುವ ಮುದುಕರು. ಅವರೆಲ್ಲರ ಪ್ರಶ್ನೆ ಒಂದೇ: "ನಮ್ಮೂರ ಬಸ್ ಬರ್ತದೇನ್ರಿ?" ಕೆಲವು ಸಂಜೆ ಉತ್ತರವೂ ಒಂದೇ: "ಇವತ್ತು ಕ್ಯಾನ್ಸಲ್ ಆಗ್ಯದ."

ಆ ಎರಡು ಮಾತಿನ ನಡುವೆ ಸಾರ್ವಜನಿಕ ಸಾರಿಗೆಯ ಹಣದ ಕತೆಯೆಲ್ಲ ಇದೆ ಎಂದು ನನಗೆ ಅನಿಸುತ್ತದೆ. ಬಸ್ಸಿಗೆ ಸರ್ಕಾರ ಸುರಿಯುವ ಹಣದ ಮೇಲೆ ಕಣ್ಣಿಡುವವರು ಬಹಳ ಮಂದಿ ಇದ್ದಾರೆ. ಡಿಪೊ ಮ್ಯಾನೇಜರ್, ವಿಭಾಗೀಯ ನಿಯಂತ್ರಣಾಧಿಕಾರಿ, ನಿಗಮದ ಮಂಡಳಿ, ಸಾರಿಗೆ ಇಲಾಖೆ, ಹಣಕಾಸು ಇಲಾಖೆ, ಸಿಎಜಿ, ವಿಧಾನಮಂಡಲದ ಸಮಿತಿ. ಆದರೆ ಬರಬೇಕಾಗಿದ್ದ ಬಸ್ಸು ಬರಲಿಲ್ಲ ಎಂದು ಕಣ್ಣಾರೆ ಕಂಡವರು ಈ ಸಾಲಿನಲ್ಲಿ ಎಲ್ಲೂ ಇಲ್ಲ.

ಮೊದಲು ಹಣ ಹೇಗೆ ಹರಿಯುತ್ತದೆ ಎಂಬುದನ್ನು ನೋಡೋಣ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ಸೇಡಂನಿಂದ ಕಲಬುರಗಿಗೆ ಹೊರಟ ಹೆಣ್ಣುಮಗಳ ಕೈಗೆ ಕಂಡಕ್ಟರ್ ಒಂದು ಚೀಟಿ ಕೊಡುತ್ತಾರೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಗಂಟೆಗೆ ಎಂಬುದೆಲ್ಲ ಅದರಲ್ಲಿದೆ. ಮೊತ್ತದ ಜಾಗದಲ್ಲಿ ಮಾತ್ರ ಸೊನ್ನೆ. ಶಾಯಿಯಿಲ್ಲದೆ ಬಿಸಿಯಿಂದ ಅಚ್ಚಾಗುವ ಕಾಗದ ಅದು. ಸೆರಗಿನ ಗಂಟಿನಲ್ಲೋ ಬೆವರಿದ ಮುಷ್ಟಿಯಲ್ಲೋ ಒಂದು ದಿನ ಇದ್ದರೆ ಅಕ್ಷರ ಮಾಸಿ ಬರೀ ಬಿಳಿ ತುಂಡಾಗುತ್ತದೆ. ಎಷ್ಟೋ ಜನ ಇಳಿಯುವ ಮೊದಲೇ ಕಿಟಕಿಯಾಚೆ ಬಿಟ್ಟುಬಿಡುತ್ತಾರೆ, ಸೊನ್ನೆ ರೂಪಾಯಿಯದು ಏನು ಮಾಡುವುದೆಂದು.

ಆದರೆ ಆ ಸೊನ್ನೆ ಸೊನ್ನೆಯಲ್ಲ. ಆಕೆ ಕೊಡಬೇಕಾಗಿದ್ದ ದರದ ಲೆಕ್ಕ ನಿಗಮದ ಬಳಿ ಉಳಿಯುತ್ತದೆ. ಪಾಳಿ ಮುಗಿದ ಮೇಲೆ ಕಂಡಕ್ಟರ್ ವೇಬಿಲ್ ಮುಗಿಸಿ, ದುಡ್ಡು ಕಟ್ಟಿ, ಯಂತ್ರ ಒಪ್ಪಿಸುತ್ತಾರೆ. ಡಿಪೊದ ಲೆಕ್ಕ ವಿಭಾಗಕ್ಕೆ, ವಿಭಾಗದ್ದು ಕಲಬುರಗಿಯ ಕೇಂದ್ರ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ಇಷ್ಟು ಹೆಣ್ಣುಮಕ್ಕಳನ್ನು ಇಷ್ಟು ದೂರ ಕರೆದೊಯ್ದಿದ್ದೇವೆ, ಇದರ ಬಾಬ್ತು ಇಷ್ಟು ಕೊಡಿ ಎಂದು ನಿಗಮ ಸರ್ಕಾರವನ್ನು ಕೇಳುವುದು ಈ ಚೀಟಿಗಳ ಆಧಾರದ ಮೇಲೆ. ಹೆಣ್ಣುಮಗಳು ಬಿಸಾಡಿದ ಆ ತುಂಡು ಸರ್ಕಾರಿ ಖಜಾನೆಯ ಮೇಲೆ ಬರೆದ ಒಂದು ಹುಂಡಿ. 2025ರ ಜುಲೈ 14ಕ್ಕೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. 2025-26ರ ಬಜೆಟ್‌ನಲ್ಲಿ ಶಕ್ತಿಗೆಂದು ಇಟ್ಟ ಹಣ 5,300 ಕೋಟಿ ರೂಪಾಯಿ.

ಇಷ್ಟು ಹಣ ಇಟ್ಟ ಮೇಲೂ ನಿಗಮಗಳ ಕೈ ಬಿಗಿಯಾಗಿಯೇ ಇದೆ. ಕೇಳಿದ್ದಷ್ಟೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಬಾಕಿ ಉಳಿಯುತ್ತಾ ಹೋಗುತ್ತದೆ. ಭವಿಷ್ಯ ನಿಧಿ, ಡೀಸೆಲ್ ಬಾಕಿ ತೀರಿಸಲು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳು ಒಟ್ಟು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಪಾಲು 141 ಕೋಟಿ. ವಾಯವ್ಯ ನಿಗಮದ್ದು 646 ಕೋಟಿ. ನಮ್ಮ ನಿಗಮದ ಸಾಲವೇ ಎಲ್ಲಕ್ಕಿಂತ ಕಡಿಮೆ ಎಂಬುದನ್ನು ಈ ಭಾಗದ ನೌಕರರು ಹೆಮ್ಮೆಯಿಂದ ಹೇಳಿಕೊಳ್ಳಬಹುದು. 2025ರ ಜನವರಿ 5ರಿಂದ ದರವೂ ಶೇ 15 ಏರಿತು. ಅದೇ ವರ್ಷ ಆಗಸ್ಟ್ 5ರಂದು 38 ತಿಂಗಳ ಹಿಂಬಾಕಿ ಕೇಳಿ ನೌಕರರು ಮುಷ್ಕರಕ್ಕೆ ಇಳಿದರು. ಟಿಕೆಟ್‌ಗೆ ಹೆಚ್ಚು ಕೊಟ್ಟ ಗಂಡಸರೂ, ಸೊನ್ನೆ ಟಿಕೆಟ್ ಹಿಡಿದ ಹೆಂಗಸರೂ ಆ ದಿನ ಒಂದೇ ಕಟ್ಟೆಯ ಮೇಲೆ ಕಾದು ಕುಳಿತಿದ್ದರು.

ಶಕ್ತಿಯ ಹಾಗೆ ಸಾರಿಗೆಗೆ ಸರ್ಕಾರ 'ಗ್ಯಾರಂಟಿ' ಕೊಡುವುದು ಈ ಮಣ್ಣಿಗೆ ಹೊಸದಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಮುಂಬೈ ಕಡೆಯಿಂದ ಬಂದ ರೈಲು ಹಳಿ ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಹೈದರಾಬಾದಿಗೆ ಆ ಹಳಿಯಿಂದ ಒಂದು ಕವಲು ಬೇಕಿತ್ತು. ನಿಜಾಮರ ಹಣದಲ್ಲಿ ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತು. ವಾಡಿ ಜಂಕ್ಷನ್ ಆದದ್ದು ಹಾಗೆ.

ದೊಡ್ಡ ಲೆಕ್ಕ ಬಂದದ್ದು ಒಂಬತ್ತು ವರ್ಷದ ನಂತರ. ಈ ಹಳಿಯನ್ನು ಲಂಡನ್ನಿನ ಕಂಪನಿಯೊಂದಕ್ಕೆ ಒಪ್ಪಿಸುವುದು, ಮುಂದೆ ಚಾಂದಾ ಕಡೆಗೂ ವಾರಂಗಲ್ ಕಡೆಗೂ ಎಳೆಯುವುದು, ಕಂಪನಿ ಹೂಡುವ ಬಂಡವಾಳಕ್ಕೆ ಇಪ್ಪತ್ತು ವರ್ಷ ಶೇ 5ರ ಬಡ್ಡಿ ಖಾತರಿಯಾಗಿ ನಿಜಾಮ ಸರ್ಕಾರ ಕೊಡುವುದು ಎಂಬ ಒಪ್ಪಂದ. ರೈಲಿಗೆ ಲಾಭವಾಗಲಿ ಬಿಡಲಿ, ಷೇರುದಾರರಿಗೆ ಬಡ್ಡಿ ತಪ್ಪದು. 'ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ' ಎಂಬ ಹೆಸರಿನ 'ಗ್ಯಾರಂಟೀಡ್' ಅದೇ. ಆ ಹಣ ಬರುವುದು ರಾಜ್ಯದ ಬೊಕ್ಕಸದಿಂದ. ಬೊಕ್ಕಸಕ್ಕೆ ಬರುವುದು ಜೋಳ, ತೊಗರಿ ಬೆಳೆಯುವ ರೈತ ಕಟ್ಟಿದ ಕಂದಾಯದಿಂದ.

1883ರಲ್ಲಿ ಹೈದರಾಬಾದಿನ ಕೆಲವು ನಾಗರಿಕರು ಸೇರಿ ಒಂದೇ ಒಂದು ಬೇಡಿಕೆ ಇಟ್ಟರು: ಈ ಒಪ್ಪಂದದ ಷರತ್ತುಗಳನ್ನು ಪ್ರಕಟಿಸಿ, ಸಹಿ ಹಾಕುವ ಮೊದಲು ಜನ ಓದಿ ಚರ್ಚಿಸಲಿ. ಅವರ ಮುಂದಾಳುಗಳಲ್ಲಿ ಒಬ್ಬರು ಕಾಲೇಜಿನ ಪ್ರಾಂಶುಪಾಲ ಅಘೋರನಾಥ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಂದೆ. ಇನ್ನೊಬ್ಬರು ಮುಲ್ಲಾ ಅಬ್ದುಲ್ ಖಯ್ಯೂಮ್. ಸರ್ಕಾರ ಕೊಟ್ಟ ಉತ್ತರವೇನು? ಅಘೋರನಾಥರನ್ನು ಕೆಲಸದಿಂದ ಅಮಾನತು ಮಾಡಿ ರಾಜ್ಯದಿಂದಲೇ ಹೊರಗೆ ಹಾಕಿದರು. ಚಾಂದಾ ರೈಲ್ವೆ ಚಳವಳಿ ಎಂದು ಇತಿಹಾಸದಲ್ಲಿ ಅದರ ಹೆಸರು. ಹೈದರಾಬಾದ್ ಸಂಸ್ಥಾನದಲ್ಲಿ ಸಾರ್ವಜನಿಕ ಬದುಕಿನ ಮೊದಲ ಮಿಸುಕಾಟಗಳನ್ನು ಹುಡುಕುವವರು ಇಲ್ಲಿಂದಲೇ ಶುರು ಮಾಡುತ್ತಾರೆ. ಸಾರಿಗೆಗೆ ಹೋಗುವ ದುಡ್ಡಿನ ಲೆಕ್ಕ ಕೇಳಿದ್ದಕ್ಕೆ ಗಡಿಪಾರಾದ ಮನುಷ್ಯನ ಕತೆ ಸೇಡಂ, ಚಿತ್ತಾಪುರದ ಶಾಲೆಗಳಲ್ಲಿ ಹೇಳಬೇಕಾದದ್ದು, ಆ ಹಳಿ ಆ ಊರುಗಳ ನಡುವೆಯೇ ಹಾದುಹೋಗಿರುವುದರಿಂದ.

ಮುಂದೆ 1930ರಲ್ಲಿ ನಿಜಾಮ ಸರ್ಕಾರ ರೈಲ್ವೆಯನ್ನು ಕೊಂಡುಕೊಂಡಿತು. 1932ರ ಜೂನ್‌ನಲ್ಲಿ ಅದೇ ರೈಲ್ವೆ 27 ಬಸ್ಸು, 166 ನೌಕರರನ್ನು ಇಟ್ಟುಕೊಂಡು ರಸ್ತೆ ಸಾರಿಗೆಯನ್ನೂ ಆರಂಭಿಸಿತು. ದೇಶದಲ್ಲಿ ಸರ್ಕಾರವೇ ಬಸ್ಸು ಓಡಿಸಿದ ಮೊದಲ ಪ್ರಯತ್ನಗಳ ಸಾಲಿನಲ್ಲಿ ಅದು ಮುಂದಿದೆ. ರೈಲು, ಬಸ್ಸು ಎರಡೂ ಒಂದೇ ಇಲಾಖೆಯಲ್ಲಿದ್ದವು ಎಂಬುದು ಗಮನಿಸಬೇಕಾದ ಮಾತು. 1956ರ ನವೆಂಬರ್ 1ರಂದು ನಮ್ಮ ಕಲಬುರಗಿ ಜಿಲ್ಲೆ ಕನ್ನಡನಾಡಿಗೆ ಸೇರಿತು. 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿತು. ಅದು ಒಡೆದು 2000ದಲ್ಲಿ ಕಲಬುರಗಿ ಕೇಂದ್ರವಾಗಿ ಈಶಾನ್ಯ ನಿಗಮ ಬಂತು. 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರು.

ಇಂದು ನಿಗಮದ ಮೇಲಿನ ಉಸ್ತುವಾರಿಗೆ ಬುನಾದಿ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಅದರ 18ನೇ ಕಲಮು ಹೇಳುತ್ತದೆ: ದಕ್ಷವಾದ, ಸಾಕಷ್ಟು ಪ್ರಮಾಣದ, ಮಿತವ್ಯಯದ, ಹೊಂದಾಣಿಕೆಯ ಸಾರಿಗೆ ಒದಗಿಸುವುದು ನಿಗಮದ ಕರ್ತವ್ಯ. 22ನೇ ಕಲಮು ಹೇಳುತ್ತದೆ: ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು. 33ನೇ ಕಲಮಿನ ಪ್ರಕಾರ ಲೆಕ್ಕವನ್ನು ಸಿಎಜಿ ತಪಾಸಣೆ ಮಾಡಬೇಕು, ಆ ವರದಿ ವಿಧಾನಮಂಡಲದ ಮುಂದೆ ಬರಬೇಕು. ಅಲ್ಲಿ ಸಾರ್ವಜನಿಕ ಉದ್ದಿಮೆಗಳ ಸಮಿತಿ ಅಧಿಕಾರಿಗಳನ್ನು ಕೂಡಿಸಿಕೊಂಡು ಪ್ರಶ್ನೆ ಕೇಳಬಹುದು. ಕಾಗದದ ಮೇಲೆ ಇದು ಗಟ್ಟಿ ವ್ಯವಸ್ಥೆ, ಅದನ್ನು ಕಡೆಗಣಿಸಬಾರದು.

ತೊಡಕು ಇರುವುದು ಅಳತೆಗೋಲಿನಲ್ಲಿ. ಲೆಕ್ಕ ನೋಡುವವರ ಕೈಯಲ್ಲಿ ಇರುವ ಅಂಕಿಗಳು ಇವು: ಒಂದು ಕಿಲೋಮೀಟರಿಗೆ ಎಷ್ಟು ಗಳಿಕೆ, ಎಷ್ಟು ಖರ್ಚು, ಒಂದು ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರು, ಸೀಟು ಎಷ್ಟು ತುಂಬಿತ್ತು, ಎಷ್ಟು ಕಿಲೋಮೀಟರು ರದ್ದಾಯಿತು. ಡಿಪೊದವರ ಬಾಯಲ್ಲಿ ದಿನವೂ ಇಪಿಕೆಎಂ, ಕೆಎಂಪಿಎಲ್ ಎಂಬ ಜಪ. ಇವು ಬೇಕಾದ ಅಂಕಿಗಳೇ. ಆದರೆ ಇವುಗಳ ಕಣ್ಣಿಂದ ಚಿಂಚೋಳಿಯ ಒಂದು ವಸ್ತಿ ಬಸ್ಸನ್ನು ನೋಡಿ. ಸಂಜೆ ತಾಲ್ಲೂಕು ಕೇಂದ್ರದಿಂದ ಹೊರಟು, ಕಾಡಂಚಿನ ತಾಂಡಾಗಳಿಗೆ ಜನರನ್ನು ಇಳಿಸುತ್ತಾ ಕೊನೆಯ ಊರಿನಲ್ಲಿ ರಾತ್ರಿ ತಂಗುವ ಬಸ್ಸು. ನಸುಕಿನಲ್ಲಿ ಅದೇ ಬಸ್ಸು ಹಾಲು, ತರಕಾರಿ, ಕಾಲೇಜಿನ ಮಕ್ಕಳು, ಹೆರಿಗೆಯ ಹೆಣ್ಣುಮಕ್ಕಳನ್ನು ಹೊತ್ತು ವಾಪಸು ಬರುತ್ತದೆ. ಕೊನೆಯ ಹತ್ತು ಕಿಲೋಮೀಟರು ಬಸ್ಸು ಹೆಚ್ಚುಕಡಿಮೆ ಖಾಲಿ, ಗಳಿಕೆ ನೆಲಕಚ್ಚಿರುತ್ತದೆ. 22ನೇ ಕಲಮು ಓದಿದವರು ಅದನ್ನು ನಿಲ್ಲಿಸಬೇಕೆನ್ನುತ್ತಾರೆ, 18ನೇ ಕಲಮು ಓದಿದವರು ಓಡಿಸಲೇಬೇಕೆನ್ನುತ್ತಾರೆ. ಡಿಪೊ ಮ್ಯಾನೇಜರ್‌ಗೆ ಪ್ರತಿ ತಿಂಗಳು ಲೆಕ್ಕ ಒಪ್ಪಿಸಬೇಕಾಗಿರುವುದು 22ನೇ ಕಲಮಿನದು. ಕಂಡಕ್ಟರ್ ರಜೆ ಹಾಕಿದ ದಿನ, ಗಾಡಿ ಕೆಟ್ಟ ದಿನ ಮೊದಲು ಕತ್ತರಿ ಬೀಳುವುದು ಯಾವ ಟ್ರಿಪ್ಪಿಗೆ ಎಂದು ತಾಂಡಾದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಟ್ರಿಪ್ ರದ್ದಾದಾಗ ಪುಸ್ತಕದಲ್ಲಿ ಏನಾಗುತ್ತದೆ? ಓಡದ ಬಸ್ಸಿಗೆ ಡೀಸೆಲ್ ಉಳಿಯಿತು. 'ರದ್ದಾದ ಕಿ.ಮೀ.' ಎಂಬ ಕಾಲಮಿಗೆ ಒಂದು ಸಂಖ್ಯೆ ಹೋಯಿತು. ಕಾಲೇಜು ಹುಡುಗ ಪಾಸಿನ ಹಣವನ್ನು ಮುಂಚೆಯೇ ಕಟ್ಟಿದ್ದಾನೆ, ಅದು ಆದಾಯದ ಪಟ್ಟಿಯಲ್ಲಿ ಹಾಗೇ ಇದೆ. ಬಸ್ಸು ಹತ್ತದ ಹೆಣ್ಣುಮಗಳಿಗೆ ಸೊನ್ನೆ ಟಿಕೆಟ್ಟೂ ಹರಿದಿಲ್ಲ, ಹಾಗಾಗಿ ಆಕೆ ಆ ದಿನ ನಿಲ್ದಾಣಕ್ಕೆ ಬಂದಿದ್ದಳು ಎಂಬುದಕ್ಕೇ ದಾಖಲೆಯಿಲ್ಲ. ಅವರಿಬ್ಬರೂ ಟಂಟಂನಲ್ಲೋ ಕ್ರೂಸರ್‌ನಲ್ಲೋ ತೊಡೆಗೆ ತೊಡೆ ಒತ್ತಿಕೊಂಡು, ಕೇಳಿದಷ್ಟು ಕೊಟ್ಟು ಊರು ಸೇರಿದರು. ಆ ದುಡ್ಡು ಯಾವ ಇಲಾಖೆಯ ಯಾವ ಪುಸ್ತಕಕ್ಕೂ ಬರುವುದಿಲ್ಲ. ಸರ್ಕಾರ ಉಚಿತ ಪ್ರಯಾಣಕ್ಕೆ ಎಷ್ಟು ಕೊಟ್ಟಿತು ಎಂಬುದು ನಮಗೆ ರೂಪಾಯಿ ಲೆಕ್ಕದಲ್ಲಿ ಗೊತ್ತು. ಬಸ್ಸು ಬಾರದೆ ಬಡವರು ಎಷ್ಟು ಕೊಟ್ಟರು ಎಂದು ಯಾರೂ ಕೂಡಿಸಿಲ್ಲ.

2023ರ ಫೆಬ್ರುವರಿಯಲ್ಲಿ ಚಿಂಚೋಳಿ ನಿಲ್ದಾಣದಲ್ಲಿ ರಾತ್ರಿ ನಿಲ್ಲಿಸಿದ್ದ ಬೀದರ್ ಡಿಪೊದ ಬಸ್ಸೊಂದನ್ನು ಯಾರೋ ನಸುಕಿನಲ್ಲಿ ಓಡಿಸಿಕೊಂಡು ಹೋದದ್ದು ನೆನಪಿರಬಹುದು. ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಅದೇ ಸುದ್ದಿ. ಪೊಲೀಸರು ಬೆನ್ನು ಹತ್ತಿದರು, ತೆಲಂಗಾಣದ ತಾಂಡೂರಿನ ಹತ್ತಿರ ಬಸ್ಸು ಸಿಕ್ಕಿತು. ಒಂದು ಗಾಡಿ ಕಾಣೆಯಾದರೆ ಎರಡು ರಾಜ್ಯಗಳಲ್ಲಿ ಹುಡುಕಾಟ ನಡೆಯುತ್ತದೆ, ನಡೆಯಲೂಬೇಕು, ಅದು ಜನರ ಆಸ್ತಿ. ಆದರೆ ಅದೇ ನಿಲ್ದಾಣದಿಂದ ಹೊರಡಬೇಕಾದ ಟ್ರಿಪ್ಪೊಂದು ಕಾಣೆಯಾದರೆ ಹುಡುಕುವವರು ಯಾರು? ಅದೂ ಜನರ ಆಸ್ತಿಯೇ.

ಗಡಿಯ ಮಾತು ಬಂತು. ಚಿಂಚೋಳಿ, ಸೇಡಂನ ಎಷ್ಟೋ ಹಳ್ಳಿಗಳಿಗೆ ಸಂತೆ, ನಂಟಸ್ತಿಕೆ ಎಲ್ಲ ತಾಂಡೂರು, ಜಹೀರಾಬಾದ್ ಕಡೆಗೆ. ಶಕ್ತಿ ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆ 2023ರ ಡಿಸೆಂಬರ್ 9ರಂದು ಶುರುವಾಯಿತು. ಅದು ಆ ರಾಜ್ಯದ ಹೆಣ್ಣುಮಕ್ಕಳಿಗೆ, ಅವರ ಗಡಿಯವರೆಗೆ. ಆಚೆ ಊರಿನ ಅಕ್ಕ, ಈಚೆ ಊರಿನ ತಂಗಿ, ಇಬ್ಬರಿಗೂ ಅವರವರ ಸರ್ಕಾರ ಉಚಿತ ಪ್ರಯಾಣ ಕೊಟ್ಟಿದೆ. ಒಬ್ಬರ ಮನೆಗೆ ಒಬ್ಬರು ಹೋಗುವಾಗ ಮಾತ್ರ ದುಡ್ಡು ಕೊಡಬೇಕು.

ರೈಲಿನ ಲೆಕ್ಕ ನಮ್ಮಿಂದ ಇನ್ನೂ ದೂರ. ಶಹಾಬಾದ್, ವಾಡಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗಕ್ಕೆ ಸೇರಿವೆ. ವಾಡಿ ದಾಟಿ ಚಿತ್ತಾಪುರ, ಸೇಡಂ ಬಂದರೆ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗ. ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ನೈಋತ್ಯ ರೈಲ್ವೆಗೂ ಈ ಊರುಗಳಿಗೂ ಆಡಳಿತದ ಸಂಬಂಧವಿಲ್ಲ. ಚಿಂಚೋಳಿಗೆ ರೈಲೇ ಇಲ್ಲ. ಈ ಭಾಗದ ಸಿಮೆಂಟು ಕಾರ್ಖಾನೆಗಳು, ಶಹಾಬಾದಿನ ಕಲ್ಲು ರೈಲ್ವೆಗೆ ತಲೆಮಾರುಗಳಿಂದ ಸರಕು ಕೊಟ್ಟಿವೆ. ಪ್ರಯಾಣಿಕರಿಗೆ ಒಂದು ನಿಲುಗಡೆ ಬೇಕೆಂದರೆ ಮನವಿ ಹೊರರಾಜ್ಯದ ಕಚೇರಿಗೆ ಹೋಗಬೇಕು. ಕಲಬುರಗಿಗೆ ಪ್ರತ್ಯೇಕ ರೈಲ್ವೆ ವಿಭಾಗ ಎಂದು 2014ರಲ್ಲಿ ಘೋಷಣೆಯಾಗಿ ಅಡಿಗಲ್ಲೂ ಬಿತ್ತು. ವಿಭಾಗ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಬೀದರ್–ಕಲಬುರಗಿ ನಡುವಿನ 110 ಕಿ.ಮೀ. ಹಳಿಗೆ ಮಂಜೂರಾತಿ ಸಿಕ್ಕದ್ದು 1997-98ರಲ್ಲಿ, ಉದ್ಘಾಟನೆ 2017ರ ಅಕ್ಟೋಬರ್ 29ರಂದು. ಸುಮಾರು 370 ಕೋಟಿ ರೂಪಾಯಿ ಅಂದಾಜಿನ ಕೆಲಸ ಮುಗಿಯುವ ಹೊತ್ತಿಗೆ 1,500 ಕೋಟಿ ದಾಟಿತ್ತು. ತಡವಾದ ಪ್ರತಿ ವರ್ಷಕ್ಕೂ ಬೆಲೆ ಇದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ. ಗದಗ–ವಾಡಿ ಮಾರ್ಗದಲ್ಲಿ ಅರ್ಧ ಖರ್ಚನ್ನು ರಾಜ್ಯವೂ ಹೊರುತ್ತಿದೆ, ಜಮೀನೂ ಕೊಡುತ್ತಿದೆ. ಕುಷ್ಟಗಿವರೆಗೆ ರೈಲು ಬಂದದ್ದು 2025ರಲ್ಲಿ. ವಾಡಿಯವರು ಇನ್ನೂ ದಾರಿ ನೋಡುತ್ತಿದ್ದಾರೆ.

ಹಿಂದುಳಿದ ನಾಡೆಂಬ ಕಾರಣಕ್ಕೆ ನಮಗೆ ಬೇರೆ ಹಣದ ದಾರಿಯೂ ಇದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ಆಮೇಲೆ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು. ಮಂಡಳಿಯ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕೆಂದು ಆ ವಿಧಿಯೇ ಹೇಳುತ್ತದೆ. ಮಂಡಳಿಯ ಅನುದಾನದಲ್ಲಿ ಬಸ್ಸುಗಳೂ ಬಂದಿವೆ, ಒಳ್ಳೆಯದೇ. ಆದರೆ ಬಸ್ಸು ಕೊಳ್ಳುವುದು ಒಂದು ದಿನದ ಖರ್ಚು. ಅದನ್ನು ಹತ್ತು ವರ್ಷ ಓಡಿಸುವ ಚಾಲಕ, ಕಂಡಕ್ಟರ್, ಮೆಕ್ಯಾನಿಕ್, ಟೈರು, ಡೀಸೆಲ್ ನಿಗಮದ ಹೆಗಲಿಗೆ. ಬೆಂಗಳೂರಿಗೆ ಹೋಗುವ ಸ್ಲೀಪರ್ ಬಸ್ಸುಗಳಿಗೆ ನಿಗಮ 'ಅಮೋಘವರ್ಷ' ಎಂದು ಹೆಸರಿಟ್ಟಿದೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಸೇಡಂ ತಾಲ್ಲೂಕಿನದೇ. ಆ ಹೆಸರು ಓದಿದಾಗೆಲ್ಲ ನನಗೆ ಖುಷಿಯಾಗುತ್ತದೆ, ಜೊತೆಗೆ ಮಳಖೇಡದ ಅಕ್ಕಪಕ್ಕದ ಹಳ್ಳಿಗೆ ಸಂಜೆಯ ಬಸ್ಸು ಇದೆಯೇ ಎಂಬ ಪ್ರಶ್ನೆಯೂ ಏಳುತ್ತದೆ.

ರಸ್ತೆಯ ಪುಸ್ತಕ ಬೇರೆ, ಬಸ್ಸಿನ ಪುಸ್ತಕ ಬೇರೆ ಎಂಬುದೂ ಒಂದು ಹಳೆಯ ರೋಗ. ಸಿಮೆಂಟು, ಸುಣ್ಣದ ಕಲ್ಲಿನ ಲಾರಿಗಳು ಹರಿದು ಹೊಂಡ ಬಿದ್ದ ದಾರಿಯಲ್ಲಿ ಬಸ್ಸಿನ ಪಾಟಾ ಮುರಿಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಕಾಗಿಣಾ ನದಿ ಉಕ್ಕಿ ಮಳಖೇಡದಲ್ಲೋ ದಂಡೋತಿಯಲ್ಲೋ ಸೇತುವೆ ಮುಳುಗಿದರೆ ಸುತ್ತು ಹೊಡೆದು ಹೋಗಬೇಕು, ಇಲ್ಲವೇ ನಿಲ್ಲಬೇಕು. ಆ ನಷ್ಟ ದಾಖಲಾಗುವುದು ಡಿಪೊದ ಕೆಎಂಪಿಎಲ್‌ನಲ್ಲಿ. ರಸ್ತೆ ಹಾಳಾದ ತಪ್ಪಿಗೆ ಚಾಲಕ ನೋಟಿಸಿಗೆ ಉತ್ತರ ಬರೆಯುವಂತಾದರೆ ಅದು ಉಸ್ತುವಾರಿಯಲ್ಲ.

ಹಾಗಾದರೆ ಏನು ಬೇಕು? ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಬಳಸಬೇಕು. 1950ರ ಕಾಯ್ದೆಯ 17ನೇ ಕಲಮಿನಲ್ಲೇ ಸಲಹಾ ಪರಿಷತ್ತುಗಳನ್ನು ಮಾಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ತಾಲ್ಲೂಕಿಗೊಂದು ಇರಲಿ. ಅದರಲ್ಲಿ ಕಾಲೇಜಿಗೆ ಹೋಗುವ ಒಬ್ಬ ವಿದ್ಯಾರ್ಥಿನಿ, ತಾಂಡಾದಿಂದ ಒಬ್ಬರು, ದಿನಗೂಲಿಗೆ ವಾಡಿಗೋ ಶಹಾಬಾದಿಗೋ ಓಡಾಡುವ ಒಬ್ಬ ಕಾರ್ಮಿಕ, ಒಬ್ಬ ಕಂಡಕ್ಟರ್ ಇರಲಿ. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಮು ಗ್ರಾಮಸಭೆಗೇ ಸಾಮಾಜಿಕ ಲೆಕ್ಕಪರಿಶೋಧನೆಯ ಹಕ್ಕು ಕೊಟ್ಟಿತು. ಕೆಲಸಕ್ಕೆ ಬಾರದವರ ಹೆಸರು ಹಾಜರಿಪಟ್ಟಿಯಲ್ಲಿದ್ದರೆ ಊರವರೇ ಎದ್ದು ಹೇಳುವುದನ್ನು ನಮ್ಮ ಹಳ್ಳಿಗಳು ಆಗಲೇ ಕಲಿತಿವೆ. ಊರಿಗೆ ಬಾರದ ಬಸ್ಸಿನ ಬಗ್ಗೆಯೂ ಅದೇ ಗ್ರಾಮಸಭೆ ಹೇಳಬಲ್ಲದು. ಕಾಗದದಲ್ಲಿ ಆ ಬಸ್ಸು ದಿನಕ್ಕೆ ಎಷ್ಟು ಸಲ ಬರಬೇಕು ಎಂಬ ಪಟ್ಟಿ ಪಂಚಾಯಿತಿ ಗೋಡೆಗೆ ಹಚ್ಚಿದರೆ ಸಾಕು.

ಪಟ್ಟಿ ಸಿಗದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇದೆ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ದೊಡ್ಡ ಭಾಷಣ ಬೇಡ. ನಮ್ಮ ಊರಿನ ಷೆಡ್ಯೂಲ್ ಯಾವುದು, ಕಳೆದ ಆರು ತಿಂಗಳಲ್ಲಿ ಅದರ ಎಷ್ಟು ಟ್ರಿಪ್ಪು ರದ್ದಾದವು, ಯಾವ ದಿನ, ಯಾವ ಕಾರಣಕ್ಕೆ ಎಂಬ ಮೂರು ಸಾಲು ಸಾಕು. ಅಘೋರನಾಥರು ಕೇಳಿದ್ದೂ ಇಷ್ಟನ್ನೇ: ಕಾಗದ ತೋರಿಸಿ. ಇಂದು ಹಾಗೆ ಕೇಳಿದವರನ್ನು ಯಾರೂ ಗಡಿಪಾರು ಮಾಡುವಂತಿಲ್ಲ. ಉತ್ತರ ಬಾರದಿದ್ದರೆ ಮೇಲ್ಮನವಿಗೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ, ಮಾಹಿತಿ ಆಯೋಗದ ಪೀಠ ಕಲಬುರಗಿಯಲ್ಲೇ ಇದೆ.

ಅರ್ಜಿಯೂ ಬೇಡವಾಗುವ ದಾರಿ ಒಂದಿದೆ. ಉತ್ತರ ಆಗಲೇ ಬರೆದಿಟ್ಟಿದೆ, ಆ ಕಿಟಕಿಯ ಆಚೆ, ಅಂಚು ಮಾಸಿದ ರಿಜಿಸ್ಟರಿನಲ್ಲಿ. ಯಾವ ಬಸ್ಸು ಬಂತು, ಎಷ್ಟು ಹೊತ್ತಿಗೆ ಬಂತು, ಯಾವ ಸಾಲು ಖಾಲಿ ಉಳಿಯಿತು ಎಲ್ಲ ಅದರಲ್ಲಿದೆ. ತಿಂಗಳ ಕೊನೆಗೆ ಆ ಖಾಲಿ ಸಾಲುಗಳನ್ನು ಒಂದು ಹಾಳೆಗೆ ಇಳಿಸಿ ನಿಲ್ದಾಣದ ಕಂಬಕ್ಕೆ ಅಂಟಿಸಲು ಒಬ್ಬ ಗುಮಾಸ್ತನಿಗೆ ಅರ್ಧ ದಿನ ಸಾಕು. ಸಂಜೆ ಆರಕ್ಕೆ ಕಂಬಕ್ಕೆ ಒರಗಿ ನಿಂತ ಹುಡುಗಿ ಅದನ್ನು ಓದುತ್ತಾಳೆ. ತನ್ನ ಊರಿನ ಹೆಸರು ಹುಡುಕುತ್ತಾಳೆ, ತಾನು ಟಂಟಂನಲ್ಲಿ ಹೋದ ದಿನಗಳನ್ನು ಬೆರಳಲ್ಲಿ ಎಣಿಸುತ್ತಾಳೆ, ಹಾಳೆಯ ಸಂಖ್ಯೆಗೂ ತನ್ನ ಬೆರಳಿಗೂ ತಾಳೆ ನೋಡುತ್ತಾಳೆ.